ಇಪ್ಪತ್ತಮೂರರ ಬಾಯಿ

ಹಲ್ಲಿನ ಡಾಕ್ಟರ ಮನೆಯ ನೆಲಮಾಳಿಗೆಗೆ ಇಳಿಯುವ ಮೆಟ್ಟಿಲ ಮೇಲೆಯೇ ಅಕ್ಕನ ಮೂಗಿಗೆ ವಾಸನೆ ಹೊಡೆಯಿತು. ಚರ್ಮಕ್ಕೆ ತಿಕ್ಕುವ ಪಾಲಿಶು, ಅದರ ಮೇಲೆ ನಿಂಬೆಹಣ್ಣಿನ ವಾಸನೆಯ ಯಾವುದೋ ಸ್ಪ್ರೇ, ಎರಡರ ಅಡಿಯಲ್ಲಿ ಹಳೇ ಎಣ್ಣೆಯ ಕಮಟು. ಮೂರೂ ಸೇರಿ ಗಂಟಲಲ್ಲಿ ಬಂದು ಕೂತವು. ಅರವತ್ತೆಂಟು ವರ್ಷದ ಹೆಂಗಸನ್ನು ಅರ್ಧ ಮೆಟ್ಟಿಲಲ್ಲಿ ನಿಲ್ಲಿಸಿ ಡಾಕ್ಟರು ನೀಲಿ ಪ್ಲಾಸ್ಟಿಕ್ಕಿನ ಎರಡು ಚೀಲ ಕೈಗಿಟ್ಟರು.

"ಇದನ್ನ ಕಾಲಿಗೆ ಹಾಕ್ಕೊಳ್ಳಿ ಅಕ್ಕ. ಕ್ಲಿನಿಕ್ಕಿಂದ ತರಿಸಿದ್ದು. ಧೂಳು ಒಳಗೆ ಹೋಗಬಾರದು."

"ಧೂಳು ನಿಮ್ಮ ಅಂಗಳದ್ದೇ ಡಾಕ್ಟ್ರೇ, ನಾನು ಮನೆಯಿಂದ ಹೊತ್ಕೊಂಡು ಬಂದಿಲ್ಲ," ಎಂದಳು ಅಕ್ಕ. ಹಿಂದೆ ನಿಂತಿದ್ದ ಮಗಳು ಮೊಣಕೈಯಿಂದ ತಿವಿದಳು. ಅಕ್ಕ ಗೋಡೆ ಹಿಡಿದುಕೊಂಡು ಒಂದೊಂದೇ ಕಾಲಿಗೆ ಚೀಲ ತೊಟ್ಟಳು.

ಅವಳು ಡಾಕ್ಟರಿಗೆ ಅಕ್ಕನೂ ಅಲ್ಲ, ಚಿಕ್ಕಮ್ಮನೂ ಅಲ್ಲ. ಹಾಗೆ ಕರೆಯುವ ಹಕ್ಕು ಇದ್ದದ್ದು ಒಬ್ಬನಿಗೆ, ಅವಳ ಬೆನ್ನಿಗೆ ಹುಟ್ಟಿದ ತಮ್ಮನಿಗೆ. ಇಬ್ಬರೂ ಕೆಲಸ ಮಾಡುತ್ತಿದ್ದ ಕಾರು ಕಾರ್ಖಾನೆಯ ತುಂಬ ಅವನು ಅಕ್ಕಾ ಅಕ್ಕಾ ಎಂದು ಕೂಗಿಕೊಂಡು ಓಡಾಡಿದ್ದರಿಂದ ಕಸ ಗುಡಿಸುವವನಿಂದ ಹಿಡಿದು ಮ್ಯಾನೇಜರನ ತನಕ ಎಲ್ಲರ ಬಾಯಲ್ಲೂ ಅವಳು ಅಕ್ಕನೇ ಆದಳು. ಡಾಕ್ಟರು ಮೊದಲ ಸಲ ಅವಳ ಸೋಫಾ ರಿಪೇರಿಯ ಅಂಗಡಿಗೆ ಬಂದಾಗ ಮರ್ಯಾದೆಯಾಗಿ 'ಅಮ್ಮಾ' ಎಂದಿದ್ದರು. ಆಮೇಲೆ ಹಳೆಯ ಹಾಜರಿ ಪಟ್ಟಿಯಲ್ಲಿ ಯಾರೋ ಅವಳ ಸಾಲಿನ ಎದುರು ಕಂಸದಲ್ಲಿ 'ಅಕ್ಕ' ಎಂದು ಬರೆದದ್ದು ಅವರ ಕಣ್ಣಿಗೆ ಬಿತ್ತು. ಅವತ್ತಿನಿಂದ ಅವರೂ ಅಕ್ಕ ಅನ್ನತೊಡಗಿದರು. ಆ ಕಾರ್ಖಾನೆಯ ಕಾರಿನ ಬಿಲ್ಲೆ, ಬೀಗದ ಕೈ, ಬಣ್ಣದ ಡಬ್ಬಿ ಕೂಡಿಹಾಕಿದ ಹಾಗೆ ಆ ಮಾತನ್ನೂ ಕೂಡಿಹಾಕಿಕೊಂಡರು.

ಆ ಕಾರ್ಖಾನೆ ಮುಚ್ಚಿ ಮೂವತ್ತೈದು ವರ್ಷವಾಯಿತು. ನಡೆದದ್ದು ಬರೀ ಆರು ವರ್ಷ. ನೂರು ಕಾರು ಮಾಡುತ್ತೇವೆ ಎಂದು ಜಾಹೀರಾತಿನ ಪುಸ್ತಕದಲ್ಲಿ ಅಚ್ಚು ಹಾಕಿಸಿದ್ದರು, ಮಾಡಿದ್ದು ನಲವತ್ತೊಂದು. ಕಂಪನಿಯವರು ಅದಕ್ಕೆ ಯಾವುದೋ ಬೇಟೆಹಕ್ಕಿಯ ಹೆಸರಿಟ್ಟಿದ್ದರು, ಕೆಲಸದವರು ಮಾತ್ರ 'ಚಪ್ಪಟೆ' ಎನ್ನುತ್ತಿದ್ದರು. ನೆಲಕ್ಕೆ ಅಷ್ಟು ಹತ್ತಿರ. ಎಂಥಾ ದೊಡ್ಡ ಮನುಷ್ಯ ಬಂದರೂ ಚಪ್ಪಟೆಯೊಳಗೆ ಹೋಗುವಾಗ ಕುಂಡೆಯೇ ಮೊದಲು, ಮುಖ ಆಮೇಲೆ ಎಂದು ತಮ್ಮ ನಗಿಸುತ್ತಿದ್ದ. ಅವನು ಆ ಕಾರುಗಳನ್ನು ಓಡಿಸಿ ನೋಡುವವನು. ಅಕ್ಕ ಅವುಗಳ ಸೀಟು ಹೊಲಿಯುವವಳು. ನಲವತ್ತೊಂದು ಕಾರಿನ ಎಂಬತ್ತೆರಡು ಸೀಟೂ ಅವಳ ಎಡಗೈಯಲ್ಲೇ ಹೊಲಿಸಿಕೊಂಡವು.

ಡಾಕ್ಟರು ಆ ಕಾರಿನ 'ಸಂಪೂರ್ಣ ಉತ್ಪಾದನಾ ಚರಿತ್ರೆ' ಬರೆಯುತ್ತಿದ್ದರು. ನಾನೂರು ಪುಟ. ಒಂಬತ್ತನೇ ಕಾರಿಗೆ ಕೆಂಪು ಬಣ್ಣ ಎರಡು ಸಲ ಬಳಿದದ್ದು, ಮೊದಲ ಆರು ಕಾರಿನ ಬಾಗಿಲ ಹಿಡಿ ಯಾವುದೋ ಮಿನಿ ಬಸ್ಸಿನದು ಎಂಬುದು, ಹದಿನಾಲ್ಕರ ನಂತರ ವೈಪರ್ ಬದಲಾದದ್ದು, ಎಲ್ಲವೂ ಅವರ ನಾಲಿಗೆ ತುದಿಯಲ್ಲಿ. ಮೂರು ಸಲ ಅಂಗಡಿಗೆ ಬಂದು, ಹರಿದ ಸೋಫಾಗಳ ನಡುವೆ ಮಡಿಸುವ ಕುರ್ಚಿ ಹಾಕಿಕೊಂಡು ಅವಳ ಮಾತು ರೆಕಾರ್ಡ್ ಮಾಡಿಕೊಂಡು ಹೋಗಿದ್ದರು. ದಾರಕ್ಕೆ ಮೇಣ ಎಷ್ಟು ಸಲ ಎಳೆಯುತ್ತಿದ್ದಿರಿ, ಅಂಚಿಗೆ ಎಷ್ಟು ಬಿಡುತ್ತಿದ್ದಿರಿ ಎಂದು ಅವರು ಕೇಳಿದಾಗ ಅಕ್ಕ ನಿಜಕ್ಕೂ ಉಬ್ಬಿಹೋಗಿದ್ದಳು. ಯಾರು ಕೇಳುತ್ತಾರೆ ಅದನ್ನೆಲ್ಲ? ಗಂಡ ಇದ್ದಷ್ಟು ದಿನ ಕೇಳಲಿಲ್ಲ. ಮಗಳು ಅಂಗಡಿಯಲ್ಲೇ ಕೂತಿದ್ದರೂ ಕೇಳಲಿಲ್ಲ. ಆ ಖುಷಿಯಲ್ಲಿ ಟ್ರಂಕಿನ ತಳದಲ್ಲಿದ್ದ, ಕಾರ್ಖಾನೆಯ ಉದ್ದತೋಳಿನ ಹಳೆಯ ಏಪ್ರನ್ನನ್ನೂ ತೆಗೆದುಕೊಟ್ಟಳು. ಫೋಟೋ ಹೊಡೆದು ವಾಪಸು ಕೊಡುತ್ತೇನೆ ಎಂದಿದ್ದರು.

ಈಗ ಆ ಏಪ್ರನ್ನು ಮೆಟ್ಟಿಲಿಳಿದ ಕೂಡಲೇ ಎದುರಿಗೆ ಗಾಜಿನ ಕಪಾಟಿನಲ್ಲಿ ಕೈಚಾಚಿ ನೇತಾಡುತ್ತಿತ್ತು. ಕೆಳಗೊಂದು ಚೀಟಿ: 'ಸೀಟು ವಿಭಾಗ. ತೊಳೆದಿಲ್ಲ.'

"ತೊಳೆದಿಲ್ಲ ಅಂತ ಯಾಕೆ ಹಾಕಿದೀರಿ?" ಮಗಳು ಕೇಳಿದಳು.

"ಅದೇ ಮುಖ್ಯ ಅಲ್ವಾ! ಕಂಕುಳ ಹತ್ರ ನೋಡಿ, ಬೆವರಿನ ಗುರುತು ಹಾಗೇ ಇದೆ. ನಕಲಿ ಮಾಡೋರು ಬಟ್ಟೆ ಹಳೇದು ಮಾಡ್ತಾರೆ, ಟೀ ನೀರಲ್ಲಿ ಅದ್ದಿ. ಬೆವರು ತರೋಕಾಗಲ್ಲ."

ಅಕ್ಕನಿಗೆ ಮೈಮೇಲೆ ಹುಳ ಹರಿದಂತಾಯಿತು. ತನ್ನ ಕಂಕುಳನ್ನು ಊರವರಿಗೆಲ್ಲ ತೋರಿಸಲು ಲೈಟು ಬೇರೆ ಹಾಕಿದ್ದಾನೆ ಪುಣ್ಯಾತ್ಮ. ಸಿಟ್ಟು ಬಂತು, ಆದರೆ ಅರ್ಧ ಸಿಟ್ಟು ತನ್ನ ಮೇಲೆಯೇ. ಹಲ್ಲು ಕಿರಿದುಕೊಂಡು ಎತ್ತಿ ಕೊಟ್ಟವಳು ತಾನೇ ಅಲ್ಲವೇ.

ಕೋಣೆ ತುಂಬ ಕಪಾಟು. ಒಂದರಲ್ಲಿ ಕ್ಯಾಂಟೀನಿನ ಚಮಚಗಳು. ಒಂದರಲ್ಲಿ ಹಿರಿಯ ಇಂಜಿನಿಯರು ಸೇದಿ ಬಿಸಾಕಿದ ಹದಿನೇಳು ಸಿಗರೇಟು ತುಂಡು, ಹತ್ತಿಯ ಮೇಲೆ ಸಾಲಾಗಿ. ಒಂದರಲ್ಲಿ ಅಧಿಕಾರಿಗಳ ಪಾಯಿಖಾನೆಯ ಫ್ಲಶ್ಶಿನ ಸರಪಳಿ, ಮರದ ಹಿಡಿಯ ಸಮೇತ. ಡಾಕ್ಟರು ಅದರ ಮುಂದೆ ನಿಂತು, ಈ ಹಿಡಿ ಮುಟ್ಟದ ಡೈರೆಕ್ಟರೇ ಇಲ್ಲ ಎಂದು ಅಭಿಮಾನದಿಂದ ಹೇಳಿದರು. ಅಕ್ಕ ಸೀರೆಯ ಸೆರಗನ್ನು ಮೂಗಿಗೆ ಒತ್ತಿಕೊಂಡಳು. ದಿನವಿಡೀ ಕಂಡವರ ಬಾಯಲ್ಲಿ ಕೈಯಾಡಿಸುವವನಿಗೆ ಹೇಸಿಗೆ ಎಂಬುದೇ ಸತ್ತುಹೋಗಿರಬೇಕು ಎಂದುಕೊಂಡಳು.

"ಇದನ್ನ ನೀವು ನೋಡ್ಲೇಬೇಕು," ಎಂದು ಡಾಕ್ಟರು ಮುಂದಿನ ಕಪಾಟಿಗೆ ಕರೆದರು. "ಹಾಜರಿ ಕಾರ್ಡು. ಇಂಥದ್ದು ಇನ್ನೊಂದಿಲ್ಲ."

ಹಳದಿ ದಪ್ಪ ಕಾಗದದ ಕಾರ್ಡು. ಗಡಿಯಾರದ ಯಂತ್ರಕ್ಕೆ ತೂರಿಸಿದರೆ ಬಂದ ಹೊತ್ತು, ಹೋದ ಹೊತ್ತು ಎರಡನ್ನೂ ಹೊಡೆದು ಕೊಡುತ್ತಿದ್ದಂಥದ್ದು. ಮೇಲೆ ತಮ್ಮನ ಹೆಸರು. ಕೊನೆಯ ಸಾಲಿನಲ್ಲಿ ಬೆಳಗಿನ ಎಂಟು ಗಂಟೆ ನಾಲ್ಕು ನಿಮಿಷ ಬಿದ್ದಿತ್ತು. ಅದರ ಪಕ್ಕದ ಮನೆ ಖಾಲಿ.

"ಒಳಗೆ ಬಂದಿದ್ದಿದೆ, ಹೊರಗೆ ಹೋಗಿದ್ದಿಲ್ಲ. ನೋಡಿದ್ರೆ ರೋಮಾಂಚನ ಆಗುತ್ತೆ, ಅಲ್ವಾ ಅಕ್ಕ?"

ಅಕ್ಕ ಗಾಜಿನ ಹತ್ತಿರ ಬಗ್ಗಿದಳು. ನಾಲ್ಕು ನಿಮಿಷ ತಡ. ಎಂಟಕ್ಕೆ ಸರಿಯಾಗಿ ಯಾವತ್ತು ಬಂದಿದ್ದ ಅವನು? ಬಾಯೊಳಗೆ ಉಪ್ಪುನೀರು ತುಂಬಿಕೊಂಡಿತು. ಉಗಿಯಲು ಜಾಗವಿಲ್ಲದೆ ನುಂಗಿದಳು.

ಅವಳು ಬಂದದ್ದು ಇದಕ್ಕಲ್ಲ. ಮೂರು ದಿನದ ಹಿಂದೆ ಡಾಕ್ಟರು ಫೋನು ಮಾಡಿ, "ಅಕ್ಕ, ನನ್ನ ಹತ್ರ ಇಪ್ಪತ್ತಮೂರು ಬಂದಿದೆ. ಪೂರ್ತಿ ಅಲ್ಲ, ಡ್ರೈವರ್ ಸೀಟು ಮಾತ್ರ," ಎಂದಿದ್ದರು. ಅವತ್ತಿನಿಂದ ಅವಳಿಗೆ ಊಟ ಸೇರಿರಲಿಲ್ಲ.

ಇಪ್ಪತ್ತಮೂರು ತಮ್ಮನನ್ನು ಕೊಂದ ಕಾರು. ಮೂವತ್ತೆಂಟು ವರ್ಷದ ಹಿಂದೆ ಕಾರ್ಖಾನೆಯ ಹಿಂದಿದ್ದ ಓಟದ ದಾರಿಯ ತಿರುವಿನಲ್ಲಿ, ಬೆಳಗ್ಗೆ ಹತ್ತು ಗಂಟೆಗೆ, ಎಡಕ್ಕೆ ಹಾರಿ ಗೋಡೆಗೆ ಅಪ್ಪಳಿಸಿತು. ಮಧ್ಯಾಹ್ನದೊಳಗೆ ಕಂಪನಿಯವರು ಗೇಟಿಗೆ ಕಾಗದ ಅಂಟಿಸಿದರು: 'ಕಾರಣ, ಚಾಲಕನ ಅತಿವೇಗ.' ತಮ್ಮನಿಗೆ ಇಪ್ಪತ್ತಾರು. ಓಡಿಸುವುದೇ ಅವನ ಕೆಲಸ, ವೇಗವೇ ಅವನ ಸಂಬಳ. ಆದರೂ ಆ ಕಾಗದವನ್ನು ಜನ ನಂಬಿದರು. ಯಾವಾಗಲೂ ತಮಾಷೆ ಮಾಡಿಕೊಂಡಿದ್ದವನ ಸಾವನ್ನು ಅವನ ತಲೆಗೇ ಕಟ್ಟುವುದು ಸುಲಭ. ಅವರಮ್ಮ ಸಾಯುವ ತನಕ ಆ ಮಾತು ಅವಳ ಕಿವಿಗೆ ಬೀಳುತ್ತಲೇ ಇತ್ತು, ಹುಡುಗ ಹದ್ದು ಮೀರಿ ಓಡಿಸಿದನಂತೆ ಎಂದು.

ಅಕ್ಕನಿಗೆ ಮಾತ್ರ ಒಂದು ಅನುಮಾನ ಉಳಿದುಬಿಟ್ಟಿತ್ತು, ಮತ್ತು ಅದನ್ನು ಅವಳು ಇವತ್ತಿನ ತನಕ ಯಾರಿಗೂ, ಮಗಳಿಗೂ, ಹೇಳಿರಲಿಲ್ಲ. ಅದು ಸೀಟಿನ ಬಾಯಿಯ ವಿಷಯ.

ಸೀಟು ಹೊಲಿಯುವವರ ಭಾಷೆಯಲ್ಲಿ ಬಾಯಿ ಎಂದರೆ, ಹೊದಿಕೆಯನ್ನೆಲ್ಲ ಹೊಲಿದ ಮೇಲೆ ಕೂರುವ ಭಾಗದ ಅಡಿಯಲ್ಲಿ ಕೊನೆಗೆ ಬಿಡುವ ಒಂದು ಗೇಣು ಸಂದು. ಕಾರು ಓಡಿಸುವವನು ಬಂದು ಕಾಲು ಗಂಟೆ ಕೂತು ನೋಡಬೇಕು. ಎಲ್ಲಿ ಒತ್ತುತ್ತದೆ, ಎಲ್ಲಿ ಕುಸಿಯುತ್ತದೆ ಎಂದು ಹೇಳಬೇಕು. ಆ ಬಾಯಿಯಿಂದ ಕೈಹಾಕಿ ಹತ್ತಿ ತುಂಬುವುದೋ ತೆಗೆಯುವುದೋ ಮಾಡಿ, ಏನು ಮಾಡಿದೆ ಎಂದು ಒಂದು ಚೀಟಿ ಬರೆದು ಒಳಗೆ ತಳ್ಳಿ, ಏಳು ಹೊಲಿಗೆ ಹಾಕಿ ಮುಚ್ಚಬೇಕು. ಮುಂದೆ ಯಾವತ್ತಾದರೂ ಸೀಟು ರಿಪೇರಿಗೆ ಬಂದರೆ ಬಿಚ್ಚಿದವರಿಗೆ ಗೊತ್ತಾಗಲಿ ಎಂದು. ಇದು ಡಾಕ್ಟರ ನಾನೂರು ಪುಟದಲ್ಲಿ ಇರಲಿಲ್ಲ. ಅವರು ಕೇಳಿರಲಿಲ್ಲ, ಅಕ್ಕ ಹೇಳಿರಲಿಲ್ಲ.

ಡ್ರೈವರ್ ಸೀಟಿನ ಚೀಟಿಯನ್ನು ತಮ್ಮನೇ ಬರೆಯುತ್ತಿದ್ದ. ಹನ್ನೊಂದರಲ್ಲಿ, 'ಸೀಟು ಸರಿಯಾಗಿದೆ, ಹೊಲಿದವಳ ತಲೆ ಸರಿಯಿಲ್ಲ' ಎಂದು ಬರೆದಿದ್ದ. ಹದಿನೆಂಟರಲ್ಲಿ, 'ಇಲ್ಲಿ ಕೂತರೆ ಬೆನ್ನು ನೆಟ್ಟಗಾಗುತ್ತದೆ, ಅಕ್ಕನಿಗೂ ಒಂದು ಹೊಲಿದುಕೊಡಿ' ಎಂದು. ಅವಳು ಓದಿ, ಬೆರಳಿಗೆ ತೊಟ್ಟ ಲೋಹದ ಟೋಪಿಯಿಂದ ಅವನ ನೆತ್ತಿಗೆ ಕುಟ್ಟಿ, ಬಾಯಿ ಮುಚ್ಚುತ್ತಿದ್ದಳು.

ಇಪ್ಪತ್ತಮೂರರ ಹೊತ್ತಿಗೆ ಅವರಿಬ್ಬರಿಗೆ ಮಾತು ಬಿಟ್ಟಿತ್ತು. ಚರ್ಮ ಕತ್ತರಿಸುವ ಅವಳ ಕತ್ತರಿಯಲ್ಲಿ ಅವನು ತಂತಿ ಕತ್ತರಿಸಿ ಬಾಯಿ ಮುಕ್ಕು ಮಾಡಿದ್ದ. ಅಷ್ಟೇ. ಅಷ್ಟಕ್ಕೇ ಐದು ದಿನ ಅವಳು ಮುಖ ಊದಿಸಿಕೊಂಡಿದ್ದಳು. ಅವನು ಬಂದು ಕೂತು, ಎದ್ದು, ಪೆನ್ಸಿಲಿನಲ್ಲಿ ಏನೋ ಗೀಚಿ, ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಮೇಜಿನ ಮೇಲಿಟ್ಟ.

"ಓದಿ ಹೊಲಿ ಅಕ್ಕ," ಎಂದ.

"ನಿನ್ನ ಕುಚೇಷ್ಟೆ ಓದೋಕೆ ನನಗೆ ಪುರುಸೊತ್ತಿಲ್ಲ," ಎಂದು ಅವಳು ಅವನ ಎದುರಿಗೇ ಚೀಟಿಯನ್ನು ಬಾಯೊಳಗೆ ತುರುಕಿ ಏಳು ಹೊಲಿಗೆ ಹಾಕಿದಳು. ಅವನು ಸ್ವಲ್ಪ ಹೊತ್ತು ನಿಂತಿದ್ದು ಹೋದ. ಮರುದಿನ ಹತ್ತು ಗಂಟೆಗೆ ಸದ್ದು ಕೇಳಿಸಿತು.

ತಿಂಗಳು ಕಳೆದ ಮೇಲೆ ಅವಳು ಧೈರ್ಯ ಮಾಡಿ ಮ್ಯಾನೇಜರನ ಕೋಣೆಗೆ ಹೋಗಿ ಆ ಸೀಟು ಬೇಕು ಎಂದಿದ್ದಳು. ಮ್ಯಾನೇಜರ, "ಎಲ್ಲಾ ಸುಟ್ಟು ಹಾಕಿ ಆಯ್ತಮ್ಮ. ಸೀಟಲ್ಲಿ ಏನಿರುತ್ತೆ? ಬಾಯಿ ಮುಚ್ಕೊಂಡು ಕೆಲಸ ನೋಡು," ಎಂದ. ಗಂಡನಿಗೆ ಕೆಲಸವಿರಲಿಲ್ಲ, ಮಗಳಿಗೆ ಎರಡು ವರ್ಷ. ಅವಳು ಬಾಯಿ ಮುಚ್ಚಿಕೊಂಡು ಹೋಗಿ ಇಪ್ಪತ್ತನಾಲ್ಕರ ಸೀಟು ಹೊಲಿದಳು. ಆಮೇಲೆ ಇಪ್ಪತ್ತೈದು. ನಲವತ್ತೊಂದರ ತನಕ ಹೊಲಿದಳು. ಅದನ್ನು ನೆನೆದರೆ ಈಗಲೂ ತನ್ನ ಕೈಯನ್ನು ತಾನೇ ನೋಡಲು ಅವಳಿಗೆ ಅಸಹ್ಯವಾಗುತ್ತಿತ್ತು.

"ಎಲ್ಲಿ ಸಿಕ್ತು ನಿಮಗೆ?" ಎಂದು ಡಾಕ್ಟರನ್ನು ಕೇಳಿದಳು.

"ಮ್ಯಾನೇಜರ್ ಮನೇಲಿ. ಅವರು ತೀರಿಕೊಂಡ ಮೇಲೆ ಮಗ ಶೆಡ್ಡು ಖಾಲಿ ಮಾಡಿಸ್ದ. ಹೊದಿಕೆ ಮುಚ್ಚಿ ಎಷ್ಟು ಚೆನ್ನಾಗಿ ಇಟ್ಟಿದ್ರು ಗೊತ್ತಾ? ಆ ಕಾಲಕ್ಕೇ ಅವರಿಗೆ ಇದರ ಬೆಲೆ ಗೊತ್ತಿತ್ತು. ದೂರದೃಷ್ಟಿ ಅಂದ್ರೆ ಅದು."

ಸುಟ್ಟು ಹಾಕಿದೆ ಎಂದವನು ಮನೆಯಲ್ಲಿಟ್ಟುಕೊಂಡಿದ್ದ. ಅಕ್ಕನ ಬಾಯಿಗೆ ಬರಬಾರದ ಮಾತೊಂದು ಬಂತು. ಸತ್ತವನ ಮೇಲೆ ಅದನ್ನು ಖರ್ಚು ಮಾಡಲಿಲ್ಲ.

ಸೀಟು ಕೋಣೆಯ ಕೊನೆಯಲ್ಲಿತ್ತು, ಅದಕ್ಕೇ ಬೇರೆ ಗಾಜು, ಬೇರೆ ದೀಪ. ಬೂದು ಚರ್ಮ, ಅಂಚಿಗೆ ಕಪ್ಪು ಪಟ್ಟಿ. ಬೆನ್ನಿನ ಭಾಗ ಎಡಕ್ಕೆ ಮುರಿದು ವಾಲಿತ್ತು. ಕೂರುವ ಭಾಗದಿಂದ ಅಂಚಿನ ತನಕ ಕಂದು ಬಣ್ಣ ಹರಡಿತ್ತು. ಚೀಟಿಯಲ್ಲಿ 'ಮೂಲ ಕಲೆ' ಎಂದಿತ್ತು.

"ಕಲೆನಾ? ಇದರಲ್ಲಿ ಚಿತ್ರಗಿತ್ರ ಏನೂ ಕಾಣ್ತಿಲ್ವಲ್ಲ," ಎಂದಳು ಮಗಳು ಬಗ್ಗಿ ನೋಡುತ್ತ. ಹೇಳಿ ಮುಗಿಸುವಷ್ಟರಲ್ಲಿ ಅವಳಿಗೆ ಯಾವ ಕಲೆ ಎಂದು ತಿಳಿಯಿತು. ಮುಖ ಬಿಳುಚಿಕೊಂಡಿತು. "ಥೂ," ಎಂದು ಎರಡು ಹೆಜ್ಜೆ ಹಿಂದೆ ಸರಿದಳು.

"ತಪ್ಪು ತಿಳ್ಕೋಬೇಡಿ," ಡಾಕ್ಟರು ಕೈಗವಸು ಹಾಕಿಕೊಳ್ಳುತ್ತ ಹೇಳಿದರು. "ಗೌರವದಿಂದಲೇ ಇಟ್ಟಿದೀನಿ. ಒರೆಸಿ ಕೊಡ್ತೀನಿ ಅಂದ ಮ್ಯಾನೇಜರ್ ಮಗ. ನಾನೇ ಓಡಿಹೋಗಿ ಕೈ ಹಿಡಿದೆ. ಒರೆಸಿದ್ರೆ ಉಳಿಯೋದು ಬರೀ ಒಂದು ಮುರುಕು ಸೀಟು."

ಅಕ್ಕ ಆ ಕಂದನ್ನೇ ನೋಡುತ್ತಿದ್ದಳು. ಚಿಕ್ಕವನಿದ್ದಾಗ ಬಿದ್ದು ಮಂಡಿ ತರಚಿಕೊಂಡು ಬಂದರೆ ಅಮ್ಮನಿಗೆ ಕಾಣದ ಹಾಗೆ ಅವಳೇ ತೊಳೆಯುತ್ತಿದ್ದಳು. ಇದನ್ನು ತೊಳೆಯದೆ ಇಟ್ಟಿದ್ದಕ್ಕೆ ಈ ಮನುಷ್ಯ ಹೊಗಳಿಕೆ ನಿರೀಕ್ಷಿಸುತ್ತ ನಿಂತಿದ್ದ. ಹೇಸಿಗೆ ಎಂಬ ಮಾತು ಅದಕ್ಕೆ ಸಾಲುತ್ತಿರಲಿಲ್ಲ.

ಡಾಕ್ಟರು ಸೀಟನ್ನು ಹೊರತೆಗೆದು ಮೆತ್ತನೆಯ ಬಟ್ಟೆ ಹಾಸಿದ ಮೇಜಿನ ಮೇಲೆ ಮಗುಚಿದರು. ನಕಲಿ ಸೀಟು ಹೊಲಿದು ಮಾರುವವರಿಂದ ಅವರು ಎರಡು ಸಲ ಟೋಪಿ ಹಾಕಿಸಿಕೊಂಡಿದ್ದರು. ಹಾಗಾಗಿ ಅಕ್ಕ ಬೇಕಾಗಿತ್ತು. ಎಡಗೈಯವಳಾದ್ದರಿಂದ ಅವಳ ಗಂಟು ಎಲ್ಲರಿಗಿಂತ ತಿರುವುಮುರುವು, ಯಾವ ನಕಲಿಯವನಿಗೂ ಅದು ಬಂದಿರಲಿಲ್ಲ. ಪಕ್ಕದಲ್ಲಿ ಹೊಂಬಣ್ಣದ ಅಂಚಿನ ದಪ್ಪ ಕಾರ್ಡೊಂದು ಸಿದ್ಧವಿತ್ತು.

"ನೋಡಿ, ಹೌದು ಅನ್ಸಿದ್ರೆ ಈ ಕಾರ್ಡಲ್ಲಿ ನಾಲ್ಕು ಸಾಲು ಬರ್ಕೊಡಿ. ನಿಮ್ಮ ಕೈಬರಹದಲ್ಲೇ ಇರ್ಲಿ. ಸೀಟಿನ ಜೊತೆ ಅದು ಶಾಶ್ವತವಾಗಿ ಇರುತ್ತೆ, ಪುಸ್ತಕದಲ್ಲೂ ಅದರ ಫೋಟೋ ಹಾಕ್ತೀನಿ." ಹೇಳುತ್ತಲೇ ಫೋನು ಎತ್ತಿ ವೀಡಿಯೋ ಚಾಲೂ ಮಾಡಿದರು.

ಅಕ್ಕ ಕೈಗವಸು ಹಾಕಿಕೊಳ್ಳಲಿಲ್ಲ. ಎಡಗೈ ಹೆಬ್ಬೆರಳನ್ನು ಅಡಿಯ ಹೊಲಿಗೆಯ ಮೇಲೆ ನಡೆಸಿದಳು. ಒಂದು, ಎರಡು, ಏಳು. ಗಂಟು. ಸಿಟ್ಟಿನಲ್ಲಿ ಎಳೆದದ್ದಕ್ಕೆ ಏಳನೆಯದು ಚರ್ಮಕ್ಕೆ ಕಚ್ಚಿಕೊಂಡಿತ್ತು. ಮೂವತ್ತೆಂಟು ವರ್ಷದ ಹಿಂದಿನ ತನ್ನ ಸಿಟ್ಟು ಬೆರಳಿಗೆ ಸಿಕ್ಕಿತು.

"ಇದೇ," ಎಂದಳು.

"ಅದ್ಭುತ!" ಎಂದರು ಡಾಕ್ಟರು.

ಅಕ್ಕ ತನ್ನ ಕೈಚೀಲದಿಂದ ಹೊಲಿಗೆ ಬಿಚ್ಚುವ ಸಣ್ಣ ಚಾಕು ತೆಗೆದು ಮೊದಲ ಹೊಲಿಗೆಗೆ ಹಾಕಿದಳು. ದಾರ ಟಪ್ಪೆಂದಿತು.

"ಏಯ್! ಏನ್ ಮಾಡ್ತಿದೀರಿ? ಅಕ್ಕ! ಅದು ಒರಿಜಿನಲ್ ಹೊಲಿಗೆ!"

"ಗೊತ್ತು. ಹೊಲಿದವಳು ನಾನೇ."

ಡಾಕ್ಟರು ಮುನ್ನುಗ್ಗಿದರು. ಮಗಳಿಗೆ ಏನು ನಡೆಯುತ್ತಿದೆ ಎಂದು ತಿಳಿದಿರಲಿಲ್ಲ, ಆದರೂ ಅಮ್ಮನ ಮುಖ ನೋಡಿ ನಡುವೆ ಬಂದು ನಿಂತಳು. ದಿನಾ ಸೋಫಾ ಎತ್ತಿಹಾಕುವ ಹೆಂಗಸು, ಅವಳನ್ನು ಸರಿಸುವುದು ಡಾಕ್ಟರ ಕೈಲಾಗುವ ಕೆಲಸವಾಗಿರಲಿಲ್ಲ. ಏಳೂ ಬಿಚ್ಚಿದ ಮೇಲೆ ಅಕ್ಕ ಬಾಯೊಳಗೆ ಎರಡು ಬೆರಳು ಇಳಿಬಿಟ್ಟಳು. ಗಟ್ಟಿಯಾದ ಹತ್ತಿ, ಅದರ ಹಿಂದೆ ಕಾಗದ. ನಾಲ್ಕು ಮಡಿಕೆ ಹಾಗೇ ಇತ್ತು.

ಪೆನ್ಸಿಲ್ ಮಾಸಿತ್ತು. ಅವಳ ಕಣ್ಣಿಗೆ ಅಕ್ಷರ ನಿಲ್ಲಲಿಲ್ಲ. ಚೀಟಿಯನ್ನು ಮಗಳಿಗೆ ಕೊಟ್ಟು, "ಓದು," ಎಂದಳು.

ಮಗಳು ದೀಪದ ಕಡೆ ತಿರುಗಿ ತಡೆದು ತಡೆದು ಓದಿದಳು.

"ಸೀಟು ಎಲ್ಲೂ ಒತ್ತುವುದಿಲ್ಲ. ಬ್ರೇಕು ಎಡಕ್ಕೆ ಎಳೆಯುತ್ತಿದೆ. ಮೂರು ಸಲ ಹೇಳಿದೆ, ಮೇಸ್ತ್ರಿ ನಗುತ್ತಾನೆ. ನಾನು ಏನು ಹೇಳಿದರೂ ತಮಾಷೆ ಅಂದುಕೊಳ್ಳುತ್ತಾರೆ. ಅಕ್ಕ..." ಮಗಳು ನಿಲ್ಲಿಸಿದಳು. ಜನ್ಮದಲ್ಲಿ ಮೊದಲ ಸಲ ತನ್ನ ತಾಯಿಯನ್ನು ಅಕ್ಕ ಎಂದಿದ್ದಳು.

"ಓದು."

"ಅಕ್ಕ, ನೀನು ಹೇಳಿದರೆ ಕೇಳುತ್ತಾರೆ. ನಾಳೆ ಹತ್ತು ಗಂಟೆಯ ಒಳಗೆ ಹೇಳು. ಸಂಬಳ ಬಂದ ಮೇಲೆ ಕತ್ತರಿ ಹೊಸದು ತಂದುಕೊಡುತ್ತೇನೆ."

ಅಕ್ಕ ಮೇಜಿನ ಅಂಚು ಹಿಡಿದುಕೊಂಡಳು. ತಮ್ಮನ ತಪ್ಪಲ್ಲ ಎಂದು ಗೊತ್ತಾದರೆ ಎದೆ ಹಗುರಾದೀತು ಎಂದು ಇಷ್ಟು ವರ್ಷ ಅಂದುಕೊಂಡಿದ್ದಳು. ತಮ್ಮನ ತಪ್ಪಲ್ಲ ಎಂದು ಗೊತ್ತಾಯಿತು. ಎಂಟು ಗಂಟೆಯಿಂದ ಹತ್ತರ ತನಕ ಅವಳು ಹೊಲಿಗೆ ಮೇಜಿನ ಮುಂದೆಯೇ ಕೂತಿದ್ದಳು, ಮೇಸ್ತ್ರಿಯ ಜಾಗ ಇಪ್ಪತ್ತು ಹೆಜ್ಜೆ ದೂರವಿತ್ತು.

"ಒಂದು ನಿಮಿಷ," ಡಾಕ್ಟರ ದನಿ ಹಿಂದಿನಿಂದ ಬಂತು. ಅವರ ಗಾಬರಿಯೆಲ್ಲ ಇಳಿದಿತ್ತು, ಕಣ್ಣು ಹೊಳೆಯುತ್ತಿದ್ದವು. "ಇದು... ಇದು ಯಾರಿಗೂ ಗೊತ್ತಿಲ್ದೇ ಇರೋ ದಾಖಲೆ! ಮೇಡಂ, ನೀವು ಇನ್ನೊಂದ್ಸಲ ಓದ್ತೀರಾ? ಆಗ ಲೈಟು ಸರಿಯಾಗಿ ಬಿದ್ದಿರ್ಲಿಲ್ಲ."

ಮಗಳು ಅವರ ಮುಖ ನೋಡಿದಳು. ಫೋನು ಇನ್ನೂ ಅವರ ಕೈಯಲ್ಲಿ ಎತ್ತಿದಂತೆಯೇ ಇತ್ತು. ಅವಳು ಚೀಟಿಯನ್ನು ಮಡಿಸಿ ಅಮ್ಮನ ಮುಷ್ಟಿಯೊಳಗಿಟ್ಟು, ಆ ಮುಷ್ಟಿಯನ್ನು ತನ್ನ ಕೈಯಿಂದ ಮುಚ್ಚಿದಳು.

"ಡಾಕ್ಟ್ರೇ," ಅಕ್ಕ ನೆಟ್ಟಗೆ ನಿಂತಳು. "ನಿಮ್ಮ ಪುಸ್ತಕದಲ್ಲಿ ಇಪ್ಪತ್ತಮೂರರ ಪುಟದಲ್ಲಿ ಏನು ಬರೆದಿದೀರಿ?"

"ಅದು... ಕಂಪನಿ ದಾಖಲೆಯಲ್ಲಿ ಇರೋದೇ. ಚಾಲಕನ ಅತಿವೇಗ."

"ತಿದ್ದಿ."

ಡಾಕ್ಟರು ಕೈಗವಸಿನ ಬೆರಳುಗಳನ್ನು ಒಂದೊಂದಾಗಿ ಎಳೆದುಕೊಂಡರು. "ನೋಡಿ ಅಕ್ಕ, ನನಗೆ ಅರ್ಥ ಆಗುತ್ತೆ. ಆದ್ರೆ ಪುಸ್ತಕ ಅಚ್ಚು ಹಾಕಿಸ್ತಿರೋದು ಉಳಿದ ಕಾರುಗಳ ಮಾಲೀಕರು. ಆ ಕಾರಿನ ಬ್ರೇಕೇ ಸರಿಯಿರ್ಲಿಲ್ಲ ಅಂತ ಬರೆದ್ರೆ ಅವರು ಒಪ್ತಾರಾ? ಅಡಿಟಿಪ್ಪಣಿ ಹಾಕೋಣ. ಸಣ್ಣಕ್ಷರದಲ್ಲಿ, 'ಇನ್ನೊಂದು ಅಭಿಪ್ರಾಯವೂ ಇದೆ' ಅಂತ. ಚೀಟಿಗೆ ಮಾತ್ರ ಒಳ್ಳೇ ಚೌಕಟ್ಟು ಹಾಕಿಸ್ತೀನಿ, ಹಾಜರಿ ಕಾರ್ಡಿನ ಪಕ್ಕದಲ್ಲೇ."

ಸಿಗರೇಟು ತುಂಡಿಗೆ ಒಂದು ಕಪಾಟು, ಪಾಯಿಖಾನೆಯ ಸರಪಳಿಗೆ ಒಂದು ಕಪಾಟು, ಬೆವರಿಗೆ ಲೈಟು, ರಕ್ತಕ್ಕೆ ಲೈಟು. ಸತ್ತವನ ಒಂದು ಮಾತಿಗೆ ಮಾತ್ರ ಸಣ್ಣಕ್ಷರ. ಅಕ್ಕ ಚೀಟಿಯಿದ್ದ ಮುಷ್ಟಿಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಚೀಟಿ ಕೊಡಲ್ಲ," ಎಂದಳು.

"ಸೀಟು ನಂದು ಅಕ್ಕ. ಅದರೊಳಗಿರೋದೂ—"

"ನನಗೆ ಬರೆದಿದ್ದು. ಓದೋಕೆ ತಡ ಆಯ್ತು, ಅಷ್ಟೇ. ಇನ್ನು ನನ್ನ ಅಕ್ಕ ಅನ್ಬೇಡಿ ನೀವು."

ಡಾಕ್ಟರು, ಎಷ್ಟಾದರೂ ಸಂಗ್ರಹಿಸುವವರಲ್ಲವೇ, ಕೈಗೆ ಸಿಗುವುದನ್ನಾದರೂ ಉಳಿಸಿಕೊಳ್ಳೋಣ ಎಂದು ದನಿ ಮೆತ್ತಗೆ ಮಾಡಿದರು. "ಆಯ್ತಮ್ಮ. ಕಾರ್ಡನ್ನಾದ್ರೂ ಬರೆದುಕೊಡಿ. ಅದೊಂದು ಇಲ್ದಿದ್ರೆ ಈ ಸೀಟನ್ನ ಯಾರೂ ನಂಬಲ್ಲ."

"ಪೆನ್ನು ಕೊಡಿ," ಎಂದಳು ಅಕ್ಕ.

ಅವಳು ಕೂತು, ಎಡಗೈಯಲ್ಲಿ, ಅವಸರವಿಲ್ಲದೆ ಬರೆದಳು. ಡಾಕ್ಟರು ಹೆಗಲ ಹಿಂದಿನಿಂದ ಬಗ್ಗಿ ಮೊದಲ ಎರಡು ಸಾಲು ಓದಿ ತಲೆದೂಗಿದರು. ಮುಂದಿನ ಎರಡಕ್ಕೆ ಬಂದಾಗ ತಲೆ ನಿಂತಿತು. ಕಾರ್ಡಿನಲ್ಲಿ ಹೀಗಿತ್ತು:

'ಇದು ಇಪ್ಪತ್ತಮೂರನೇ ಕಾರಿನ ಸೀಟು.
ಇದನ್ನು ಹೊಲಿದವಳು ನಾನು.
ಬ್ರೇಕು ಎಳೆಯುತ್ತಿದೆ ಎಂದು ನನ್ನ ತಮ್ಮ ಮೂರು ಸಲ ಬಾಯಲ್ಲಿ ಹೇಳಿದ, ನಾಲ್ಕನೆಯ ಸಲ ಬರೆದು ಕೊಟ್ಟ.
ಓದದೆ ಬಾಯಿ ಹೊಲಿದವಳೂ ನಾನೇ.'

ಕೆಳಗೆ ಅವಳ ಸಹಿ ಇತ್ತು. ಮಗಳು ಅದನ್ನು ಓದಿ ಅಮ್ಮನ ಬೆನ್ನ ಮೇಲೆ ಕೈಯಿಟ್ಟಳು.

"ಕೊನೇ ಎರಡು ಸಾಲು..." ಡಾಕ್ಟರು ತೊದಲಿದರು. "ಅದನ್ನ ಬಿಟ್ಟು ಬೇರೆ ಕಾರ್ಡಲ್ಲಿ ಬರೆದುಕೊಡೋಕಾಗುತ್ತಾ? ನನ್ನ ಹತ್ರ ಇನ್ನೂ ಇವೆ."

"ನಾಲ್ಕೂ ಒಟ್ಟಿಗೆ. ಬೇಡ ಅಂದ್ರೆ ಹರಿದು ಹಾಕಿ. ಆಗ ಇದು ಬರೀ ಮುರುಕು ಸೀಟು, ನೀವೇ ಹೇಳಿದ ಹಾಗೆ."

ಡಾಕ್ಟರು ಕಾರ್ಡನ್ನು ಕೈಯಲ್ಲಿ ಹಿಡಿದು ನಿಂತರು. ಹರಿಯಲಿಲ್ಲ. ಹರಿಯುವುದು ಅವರ ಜಾಯಮಾನದಲ್ಲೇ ಇರಲಿಲ್ಲ, ಅದು ಅಕ್ಕನಿಗೂ ಗೊತ್ತಿತ್ತು. ಅವಳು ಚಾಕು ಮಡಿಸಿ ಚೀಲಕ್ಕೆ ಹಾಕಿ ಎದ್ದಳು. ಮೇಜಿನ ಮೇಲೆ ಸೀಟು ಮಗುಚಿಕೊಂಡು ಬಿದ್ದಿತ್ತು, ಅಡಿಯ ಸಂದಿನಿಂದ ಹಳೆಯ ಹತ್ತಿ ಹೊರಗೆ ಇಣುಕುತ್ತಿತ್ತು.

"ಅಮ್ಮ, ಇದನ್ನಾದ್ರೂ ಮುಚ್ಚಿಕೊಟ್ಟು ಹೋಗಿ," ಡಾಕ್ಟರು ಬೇಡಿಕೊಂಡರು. "ಏಳೇ ಹೊಲಿಗೆ. ನಿಮ್ಮ ಕೈಗೆ ಎರಡು ನಿಮಿಷದ ಕೆಲಸ."

ಅಕ್ಕ ಮೆಟ್ಟಿಲ ಬುಡದಲ್ಲಿ ಕೂತು ಕಾಲಿನ ನೀಲಿ ಚೀಲಗಳನ್ನು ಕಿತ್ತುಹಾಕುತ್ತಿದ್ದಳು.

"ಇಲ್ಲ," ಎಂದಳು. "ಅದರ ಬಾಯಿ ಇನ್ನು ನಾನು ಮುಚ್ಚಲ್ಲ."

ಮಗಳು ಕೈ ಕೊಟ್ಟಳು. ಇಬ್ಬರೂ ಮೆಟ್ಟಿಲು ಹತ್ತಿ ಹೋದರು.